ಆಯ್ ಪಾಸೊ? ಬೊಲಿವಿಯಾ ಸುತ್ತುವವರು ಮೊದಲು ಕಲಿಯಬೇಕಾದ ಮಾತು

ಬೊಲಿವಿಯಾಕ್ಕೆ ಹೋಗಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. ಅಲ್ಲಿ ಸೇಫಾ?

ಕೇಳುವುದರಲ್ಲಿ ತಪ್ಪಿಲ್ಲ. ಆ ದೇಶದ ಸುದ್ದಿ ನಮ್ಮವರೆಗೆ ಬರುವುದೇ ಗಲಾಟೆ ಆದಾಗ. 2019ರ ನವೆಂಬರ್‌ನಲ್ಲಿ ಚುನಾವಣೆಯ ಜಗಳದ ನಡುವೆ ಎವೊ ಮೊರಾಲೆಸ್ ಅಧ್ಯಕ್ಷ ಸ್ಥಾನ ಬಿಟ್ಟು ದೇಶದಿಂದಲೇ ಹೊರಟುಹೋದರು. 2024ರ ಜೂನ್ 26ರಂದು ಲಾ ಪಾಜ್‌ನ ಮುರಿಯೊ ಚೌಕಕ್ಕೆ ಸೈನ್ಯದ ಗಾಡಿಗಳು ಬಂದು ಸರ್ಕಾರಿ ಅರಮನೆಯ ಬಾಗಿಲಿಗೆ ಗುದ್ದಿದವು, ಕೆಲವೇ ಗಂಟೆಗಳಲ್ಲಿ ವಾಪಸ್ ಹೋದವು. 2025ರ ಅಕ್ಟೋಬರ್‌ನಲ್ಲಿ ಎರಡನೇ ಸುತ್ತಿನ ಮತದಾನ ನಡೆದು ರೊಡ್ರಿಗೊ ಪಾಜ್ ಗೆದ್ದರು. ಡಿಸೆಂಬರ್‌ನಲ್ಲಿ ಅವರ ಸರ್ಕಾರ ಪೆಟ್ರೋಲ್, ಡೀಸೆಲ್ ಸಬ್ಸಿಡಿ ತೆಗೆಯಿತು. ಜನ ಮತ್ತೆ ಬೀದಿಗೆ ಬಂದರು.

ಆದರೆ ಪ್ರವಾಸಕ್ಕೆ ಹೋದವರಿಗೆ ನಿಜವಾಗಿ ಕಷ್ಟ ಕೊಡುವುದು ಅರಮನೆಯಲ್ಲಿ ಯಾರು ಕೂತಿದ್ದಾರೆ ಅನ್ನುವುದಲ್ಲ. ರಸ್ತೆ. ರಸ್ತೆ ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಅನ್ನುವುದು. ಹಾಗಾಗಿ ನನ್ನ ಉತ್ತರ ಯಾವಾಗಲೂ ಒಂದೇ: ಹೋಗಿ, ಖಂಡಿತ ಹೋಗಿ, ಅಷ್ಟು ಚೆಂದದ ದೇಶ ಅದು. ಆದರೆ ರಸ್ತೆ ಬಂದ್ ಆಗೇ ಆಗುತ್ತದೆ ಅಂದುಕೊಂಡೇ ಪ್ಲಾನ್ ಹಾಕಿ. ಆಗದಿದ್ದರೆ ಎರಡು ದಿನ ಉಳಿಯಿತು ಅಂತ ಖುಷಿಪಡಿ.

ಬ್ಲೊಕೆಯೊ ಅಂದರೆ ಏನು

ರಸ್ತೆ ತಡೆಗೆ ಅಲ್ಲಿನ ಹೆಸರು ಬ್ಲೊಕೆಯೊ. ನಮ್ಮ ಕಡೆಯ ಬಂದ್ ತರಹ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯುತ್ತದೆ ಅಂದುಕೊಳ್ಳಬೇಡಿ. ಇದು ವಾರಗಟ್ಟಲೆ ನಡೆಯಬಹುದು. 2010ರಲ್ಲಿ ಪೊತೊಸಿ ನಗರ 19 ದಿನ ಮುಚ್ಚಿತ್ತು, ಒಳಗಿದ್ದ ವಿದೇಶಿ ಪ್ರವಾಸಿಗರು ಒಳಗೇ ಸಿಕ್ಕಿಕೊಂಡಿದ್ದರು. 2015ರಲ್ಲಿ ಅದೇ ಊರು ಮತ್ತೆ 27 ದಿನ ಮುಚ್ಚಿತು. 2022ರಲ್ಲಿ ಜನಗಣತಿ ಯಾವಾಗ ಮಾಡಬೇಕು ಅನ್ನುವ ಜಗಳಕ್ಕೆ ಸಾಂತಾ ಕ್ರೂಜ್‌ನಲ್ಲಿ 36 ದಿನ ಬಂದ್. 2024ರ ಅಕ್ಟೋಬರ್-ನವೆಂಬರ್‌ನಲ್ಲಿ ಎವೊ ಬೆಂಬಲಿಗರು ಕೊಚಬಾಂಬಾ ಸುತ್ತ 24 ದಿನ ರಸ್ತೆ ತಡೆದರು.

ಯಾಕೆ ಇಷ್ಟು ಸುಲಭವಾಗಿ ಒಂದು ದೇಶ ನಿಂತುಹೋಗುತ್ತದೆ? ನಕ್ಷೆ ನೋಡಿ, ಅರ್ಥ ಆಗುತ್ತದೆ. ಲಾ ಪಾಜ್, ಒರುರೊ, ಕೊಚಬಾಂಬಾ, ಸಾಂತಾ ಕ್ರೂಜ್ ಇವನ್ನೆಲ್ಲ ಕಟ್ಟಿಹಾಕಿರುವುದು ಒಂದೇ ಮುಖ್ಯ ದಾರಿ. ಬೆಟ್ಟದ ದೇಶ, ಪಕ್ಕದಲ್ಲಿ ಇನ್ನೊಂದು ರಸ್ತೆ ಅಂತ ಹೆಚ್ಚು ಇಲ್ಲ. ಈ ದಾರಿಯಲ್ಲಿ ಕರಕೊಯೊ ಹತ್ತಿರದ ಕವಲು, ಕೊಚಬಾಂಬಾದಿಂದ ಪಶ್ಚಿಮಕ್ಕೆ ಇರುವ ಪರೊತಾನಿ, ಪೂರ್ವಕ್ಕೆ ಇರುವ ಚಪಾರೆ ಪ್ರದೇಶ, ಸಾಂತಾ ಕ್ರೂಜ್ ಕಡೆಯ ಯಪಕಾನಿ, ಇಷ್ಟು ಕಡೆ ಕಲ್ಲು ಹಾಕಿದರೆ ಸಾಕು, ಲಾರಿ ಬಸ್ಸು ಎಲ್ಲ ನಿಂತವು. ಈ ನಾಲ್ಕು ಹೆಸರು ಬರೆದಿಟ್ಟುಕೊಳ್ಳಿ. ಸುದ್ದಿಯಲ್ಲಿ ಇವುಗಳಲ್ಲಿ ಒಂದು ಕಂಡರೂ ಬಸ್ ಟಿಕೆಟ್ ತೆಗೆಯುವ ಮೊದಲು ನಾಲ್ಕು ಜನರನ್ನು ಕೇಳಿ.

ತಡೆಯುವವರು ಯಾರು ಅಂದರೆ ಎಲ್ಲರೂ. ಗಣಿ ಕಾರ್ಮಿಕರು, ಕೋಕಾ ಬೆಳೆಗಾರರು, ಮೇಷ್ಟ್ರುಗಳು, ಲಾರಿ ಚಾಲಕರು, ಒಂದು ಊರಿನ ಜನ. ಅವರಿಗೆ ಪ್ರವಾಸಿಗರ ಮೇಲೆ ಸಿಟ್ಟಿಲ್ಲ. ಸರ್ಕಾರ ಕಿವಿ ಕೊಡಬೇಕಾದರೆ ರಸ್ತೆ ನಿಲ್ಲಿಸಬೇಕು ಅನ್ನುವುದು ಅವರು ಅನುಭವದಿಂದ ಕಲಿತ ಪಾಠ. 2003ರಲ್ಲಿ ಲಾ ಪಾಜ್ ಪಕ್ಕದ ಎಲ್ ಆಲ್ತೊ ಊರಿನ ಜನ ಗ್ಯಾಸ್ ರಫ್ತಿನ ವಿಷಯಕ್ಕೆ ಹೀಗೇ ರಸ್ತೆ ಮುಚ್ಚಿದ್ದಕ್ಕೆ ಆಗಿನ ಅಧ್ಯಕ್ಷ ಸಾಂಚೆಸ್ ದೆ ಲೊಸಾದಾ ರಾಜೀನಾಮೆ ಕೊಟ್ಟು ಓಡಿಹೋಗಬೇಕಾಯಿತು, ಅದರಲ್ಲಿ ಹತ್ತಾರು ಜನ ಸತ್ತರು. ಅದನ್ನು ಅಲ್ಲಿ ಯಾರೂ ಮರೆತಿಲ್ಲ. ಇದನ್ನು ತಿಳಿದುಕೊಂಡು ಹೋದರೆ ನೀವು ಅವರ ಮುಂದೆ ನಡೆದುಕೊಳ್ಳುವ ರೀತಿಯೇ ಬೇರೆ ಆಗುತ್ತದೆ. ಅದೇ ನಿಮ್ಮ ದೊಡ್ಡ ರಕ್ಷಣೆ.

ಸುದ್ದಿ ಓದುವುದು ಹೇಗೆ

ಸ್ಪಾನಿಷ್ ಬರದಿದ್ದರೂ ಐದಾರು ಪದ ಕಲಿತರೆ ಅರ್ಧ ಕೆಲಸ ಮುಗಿಯಿತು. ಪಾರೊ ಅಂದರೆ ಮುಷ್ಕರ. 'ಪಾರೊ ದೆ 24 ಓರಾಸ್' ಅಂತಿದ್ದರೆ ಒಂದು ದಿನದ್ದು, ಹೋಟೆಲಿನಲ್ಲಿ ಕೂತು ಕಳೆಯಬಹುದು. 'ಇಂದೆಫಿನಿದೊ' ಅಂತಿದ್ದರೆ ಅನಿರ್ದಿಷ್ಟ, ಆ ಊರಿನಿಂದ ಅವತ್ತೇ ಹೊರಡಿ. ಕಬಿಲ್ದೊ ಅಂದರೆ ಜನರ ದೊಡ್ಡ ಸಭೆ, ಮುಷ್ಕರದ ತೀರ್ಮಾನ ಬಹಳ ಸಲ ಅಲ್ಲೇ ಆಗುವುದು. ಸಭೆ ಕರೆದಿದ್ದಾರೆ ಅಂದರೆ ಅದರ ಮಾರನೇ ದಿನದ ಪ್ರಯಾಣ ಇಟ್ಟುಕೊಳ್ಳಬೇಡಿ. ಮಾರ್ಚಾ ಅಂದರೆ ಮೆರವಣಿಗೆ.

ಇನ್ನೊಂದು ಮಾತಿದೆ, 'ಕ್ವಾರ್ತೊ ಇಂತೆರ್ಮೆದಿಯೊ'. ಹೋರಾಟಕ್ಕೆ ಸ್ವಲ್ಪ ವಿರಾಮ ಅಂತ ಅರ್ಥ. ಮಾತುಕತೆ ಶುರುವಾದಾಗ ಹೀಗೆ ಘೋಷಿಸುತ್ತಾರೆ, ರಸ್ತೆ ತೆರೆಯುತ್ತದೆ. ಮುಗಿಯಿತು ಅಂತ ಅರ್ಥ ಅಲ್ಲ! ಮತ್ತೆ ಯಾವಾಗ ಬೇಕಾದರೂ ಮುಚ್ಚಬಹುದು. ಈ ಪದ ಸುದ್ದಿಯಲ್ಲಿ ಕಂಡ ತಕ್ಷಣ ಗಂಟುಮೂಟೆ ಕಟ್ಟಿ, ಮೊದಲ ಬಸ್ ಹತ್ತಿ. ನೋಡಬೇಕಾದದ್ದು ಬಾಕಿ ಇದ್ದರೆ ಇರಲಿ.

ಹೆದ್ದಾರಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಎಬಿಸಿ. ಯಾವ ರಸ್ತೆ ತೆರೆದಿದೆ, ಯಾವುದು ಮುಚ್ಚಿದೆ ಅಂತ ಅವರು ನಕ್ಷೆ ಹಾಕುತ್ತಾರೆ. ಪ್ರಯಾಣದ ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ. ಆದರೆ ನಕ್ಷೆಗಿಂತ ಬೇಗ ಸುದ್ದಿ ತಲುಪುವುದು ಬಸ್ ನಿಲ್ದಾಣಕ್ಕೆ. ಅಲ್ಲಿನವರು ಬಸ್ ಕಂಪನಿಯನ್ನು ಫ್ಲೋತಾ ಅನ್ನುತ್ತಾರೆ. ಟಿಕೆಟ್ ಮಾರುವ ಕಿಟಕಿಯಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ ಪದ: "ಆಯ್ ಪಾಸೊ?" ದಾರಿ ಇದೆಯಾ ಅಂತ. ಒಂದೇ ಕಿಟಕಿಯಲ್ಲಿ ಕೇಳಿ ನಂಬಬೇಡಿ, ಟಿಕೆಟ್ ಮಾರಬೇಕಾದವರು 'ಇದೆ ಇದೆ' ಅನ್ನಬಹುದು. ಆಗಷ್ಟೇ ಆ ಕಡೆಯಿಂದ ಬಂದಿಳಿದ ಪ್ರಯಾಣಿಕರನ್ನು ಕೇಳಿ. ಅವರ ಮುಖ, ಚಪ್ಪಲಿಯ ಧೂಳು ನೋಡಿದರೇ ಗೊತ್ತಾಗುತ್ತದೆ.

ತಡೆಯನ್ನು ನಡೆದು ದಾಟುವುದು

ದಾರಿ ಪೂರ್ತಿ ಇಲ್ಲದಿದ್ದಾಗ ಕಿಟಕಿಯಿಂದ ಬರುವ ಉತ್ತರ 'ಕೊನ್ ತ್ರಾಸ್‌ಬೊರ್ದೊ'. ಅಂದರೆ ತಡೆಯ ಈಚೆ ನಿಮ್ಮನ್ನು ಇಳಿಸುತ್ತಾರೆ, ನೀವು ನಡೆದು ದಾಟಬೇಕು, ಆಚೆ ಇನ್ನೊಂದು ಗಾಡಿ ಹಿಡಿಯಬೇಕು. ಅಲ್ಲಿನ ಜನ ಮಕ್ಕಳು ಮರಿ ಕಟ್ಟಿಕೊಂಡು ಹೀಗೇ ಓಡಾಡುತ್ತಾರೆ.

2024ರ ಅಕ್ಟೋಬರ್‌ನಲ್ಲಿ ನಾನು ಪರೊತಾನಿ ಹತ್ತಿರ ಹೀಗೆ ನಡೆದಿದ್ದೇನೆ. ವ್ಯಾನ್ ನಮ್ಮನ್ನು ಇಳಿಸಿದ ಜಾಗದಿಂದ ಮುಂದೆ ಕಣ್ಣು ಹಾಯುವವರೆಗೂ ಲಾರಿಗಳ ಸಾಲು. ಒಂದು ಲಾರಿಯ ಟೊಮೇಟೊ ಕೊಳೆತು ಕೆಳಗೆ ನೀರು ಸುರಿಯುತ್ತಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಚಾಲಕರು ಚಕ್ರದ ನೆರಳಲ್ಲಿ ಒಲೆ ಹಚ್ಚಿ ಅಡುಗೆ ಮಾಡಿಕೊಳ್ಳುತ್ತಿದ್ದರು, ಎಷ್ಟು ದಿನ ಆಯಿತು ಅಂದರೆ ಬೆರಳು ಎಣಿಸಿ ತೋರಿಸಿದರು. ಆಮೇಲೆ ಕಲ್ಲುಗಳು ಶುರುವಾದವು. ತಲೆ ಗಾತ್ರದವು, ಕುರಿ ಗಾತ್ರದವು, ರಸ್ತೆ ತುಂಬ ಹರಡಿದ್ದವು. ನಡುನಡುವೆ ಟೈರ್ ಸುಟ್ಟು ಉಳಿದ ತಂತಿಯ ಬಳೆಗಳು. ನನ್ನ ಜೊತೆ ಇದ್ದ ಇನ್ನೊಬ್ಬ ಪ್ರವಾಸಿ ಗಾಲಿ ಸೂಟ್‌ಕೇಸ್ ತಂದಿದ್ದ. ಮೊದಲ ಕಾಲು ಗಂಟೆಯಲ್ಲೇ ಒಂದು ಗಾಲಿ ಕಿತ್ತುಬಂತು. ಕೊನೆಗೆ ಒಬ್ಬ ಹುಡುಗ ಕೈಗಾಡಿ ತಳ್ಳಿಕೊಂಡು ಬಂದ, ಹಣಕ್ಕೆ ಸಾಮಾನು ದಾಟಿಸುವುದೇ ಅವನ ಆ ದಿನಗಳ ದುಡಿಮೆ. ತಡೆಯ ಜಾಗದಲ್ಲಿ ಟೋಪಿ ಹಾಕಿ, ಅಗಲ ನೆರಿಗೆಯ ಲಂಗ ಉಟ್ಟ ಹೆಂಗಸರು ರಸ್ತೆ ಮಧ್ಯೆಯೇ ಕೂತಿದ್ದರು. ನಾನು ನಿಂತು ನಮಸ್ಕಾರ ಹೇಳಿ, ದಾಟಬಹುದಾ ಅಂತ ಕೇಳಿದೆ. ಒಬ್ಬ ಅಜ್ಜಿ ನನ್ನ ಬ್ಯಾಗನ್ನು ಮೇಲಿಂದ ಕೆಳಗೆ ನೋಡಿ "ಪಾಸೆ, ಪಾಸೆ" ಅಂದರು. ಅಷ್ಟೇ. ಮುಂದೆ ಹೋಗಿದ್ದ ಒಬ್ಬ ಫೋನ್ ಎತ್ತಿ ವಿಡಿಯೊ ಮಾಡಲು ಹೊರಟ. ನಾಲ್ಕು ಜನ ಗಂಡಸರು ಎದ್ದು ಬಂದರು. ಅವನು ವಿಡಿಯೊ ಅಳಿಸಿ ತೋರಿಸುವವರೆಗೂ ಬಿಡಲಿಲ್ಲ.

ಆ ದಿನ ಕಲಿತದ್ದನ್ನೇ ಹೇಳುತ್ತೇನೆ. ಬೆನ್ನಿಗೆ ಹಾಕುವ ಬ್ಯಾಗ್ ಒಯ್ಯಿರಿ, ಅದನ್ನು ನೀವೇ ಒಂದು ಗಂಟೆ ಹೊತ್ತು ನಡೆಯುವಷ್ಟು ತೂಕ ಇರಲಿ. ಆ ಎತ್ತರದಲ್ಲಿ ಹತ್ತು ಕೆ.ಜಿ. ಇಪ್ಪತ್ತರ ಹಾಗೆ ಭಾರ ಅನ್ನಿಸುತ್ತದೆ. ಎರಡು ಲೀಟರ್ ನೀರು, ಬಿಸ್ಕತ್ತು, ಟೋಪಿ, ಸಣ್ಣ ನೋಟುಗಳು ಮೇಲೇ ಸಿಗುವ ಹಾಗಿರಲಿ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನ ಆಗುತ್ತಾ ಹೋದ ಹಾಗೆ ಬಿಸಿಲೂ ಏರುತ್ತದೆ, ಕುಡಿದವರೂ ಜಾಸ್ತಿ ಆಗುತ್ತಾರೆ. ಫೋನ್ ಜೇಬಿನಲ್ಲೇ ಇರಲಿ. ಅನುಮತಿ ಕೇಳಿ, ಕೇಳದೆ ಕಲ್ಲು ಸರಿಸಬೇಡಿ, ಕಲ್ಲಿನ ಮೇಲೆ ಹತ್ತಬೇಡಿ. ಯಾರ ಪರ ಅಂತ ಕೇಳಿದರೆ ನಾನು ಪ್ರವಾಸಿ ಅಂತಷ್ಟೇ ಹೇಳಿ, ರಾಜಕೀಯ ಮಾತಾಡಬೇಡಿ. ಸ್ಥಳೀಯ ಕುಟುಂಬಗಳು ನಡೆಯುತ್ತಿದ್ದರೆ ಅವರ ಜೊತೆ ಸೇರಿಕೊಳ್ಳಿ. ಅವರು ನಿಂತರೆ ನಿಲ್ಲಿ, ವಾಪಸ್ ತಿರುಗಿದರೆ ನೀವೂ ತಿರುಗಿ. ದೂರದಲ್ಲಿ ಪೊಲೀಸ್ ಗುರಾಣಿ, ಹೆಲ್ಮೆಟ್ ಕಂಡರಂತೂ ಒಂದು ಹೆಜ್ಜೆ ಮುಂದೆ ಇಡಬೇಡಿ. ಪ್ರವಾಸಿಗೆ ಅಪಾಯ ಇರುವುದು ತಡೆಯಲ್ಲಲ್ಲ, ತಡೆ ತೆರವು ಮಾಡುವ ಹೊತ್ತಿನಲ್ಲಿ. ಅಶ್ರುವಾಯು, ಕಲ್ಲು, ಗಣಿ ಕಾರ್ಮಿಕರಿದ್ದರೆ ಡೈನಮೈಟ್ ಕೂಡ ಬಳಕೆಯಾಗುತ್ತದೆ.

ಹುಷಾರಿಲ್ಲದವರು, ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಇದನ್ನು ಮಾಡಲೇಬೇಡಿ. ಇರುವ ಊರಿನಲ್ಲೇ ಇರಿ, ಇಲ್ಲ ವಿಮಾನ ಹಿಡಿಯಿರಿ.

ಊರುಗಳನ್ನು ಯಾವ ಕ್ರಮದಲ್ಲಿ ನೋಡಬೇಕು

ಇದರಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಹೆಚ್ಚಿನವರು ನೇರ ಲಾ ಪಾಜ್‌ಗೆ ಇಳಿಯುತ್ತಾರೆ. ಅಲ್ಲಿನ ವಿಮಾನ ನಿಲ್ದಾಣ ಎಲ್ ಆಲ್ತೊದಲ್ಲಿದೆ, ಸುಮಾರು 4,060 ಮೀಟರ್ ಎತ್ತರ. ಬಾಗಿಲು ದಾಟಿ ಹತ್ತು ಹೆಜ್ಜೆ ನಡೆದರೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ತಲೆನೋವು, ವಾಂತಿ, ನಿದ್ದೆ ಇಲ್ಲ. ಇದಕ್ಕೆ ಅಲ್ಲಿ ಸೊರೊಚೆ ಅನ್ನುತ್ತಾರೆ. ಆ ಸ್ಥಿತಿಯಲ್ಲಿರುವಾಗ ರಸ್ತೆ ಮುಚ್ಚಿದರೆ ತಗ್ಗಿನ ಊರಿಗೆ ಇಳಿಯುವುದಕ್ಕೂ ಆಗುವುದಿಲ್ಲ. ಎತ್ತರದ ಕಾಯಿಲೆಗೆ ಕೆಳಗಿಳಿಯುವುದೇ ಮೊದಲ ಮದ್ದು ಅಲ್ವಾ?

ಅದಕ್ಕೇ ಸಾಂತಾ ಕ್ರೂಜ್‌ನಿಂದ ಶುರು ಮಾಡಿ. ಅದು 400 ಮೀಟರ್ ಎತ್ತರದ ಬಿಸಿ ಊರು, ವಿರು ವಿರು ನಿಲ್ದಾಣಕ್ಕೆ ಹೊರದೇಶದ ವಿಮಾನಗಳು ಬರುತ್ತವೆ. ಅಲ್ಲಿಂದ ವಿಮಾನದಲ್ಲಿ ಸುಕ್ರೆ, ಸುಮಾರು 2,800 ಮೀಟರ್. ಸಂವಿಧಾನದ ಪ್ರಕಾರ ರಾಜಧಾನಿ ಇದೇ, ಬಿಳಿ ಗೋಡೆಗಳ ಶಾಂತ ಊರು. ಮೂರು ರಾತ್ರಿ ಅಲ್ಲಿ ಕಳೆಯಿರಿ. ಆಮೇಲೆ ಪೊತೊಸಿ, ಉಯುನಿ, ಕೊನೆಗೆ ಲಾ ಪಾಜ್. ಹೀಗೆ ಹೋದರೆ ಮೈ ನಿಧಾನವಾಗಿ ಹೊಂದಿಕೊಳ್ಳುತ್ತದೆ, ಮತ್ತೆ ಹೆಚ್ಚು ಗಲಾಟೆ ಆಗುವ ಕೊಚಬಾಂಬಾ ಹೆದ್ದಾರಿಯನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿ ಆಗದವರು ಅದನ್ನು ಅವರಿಗೆ ಖಂಡಿತ ಹೇಳಬೇಕು.

ಹತ್ತು ದಿನದ ಪ್ರವಾಸ ಅಂದರೆ ಏಳು ದಿನದ ಕಾರ್ಯಕ್ರಮ ಮಾತ್ರ ಹಾಕಿ. ಹೋಟೆಲನ್ನು ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದೇ ತೆಗೆಯಿರಿ. ದೇಶದಿಂದ ಹೊರಡುವ ಊರಿಗೆ ಎರಡು ದಿನ ಮೊದಲೇ ಬಂದು ಕೂರಿ. ಹೊರಡುವುದು ಲಾ ಪಾಜ್‌ನಿಂದ ಆದರೆ ಇನ್ನೊಂದು ವಿಷಯ: ವಿಮಾನ ನಿಲ್ದಾಣಕ್ಕೆ ಹೋಗುವ ಹೆದ್ದಾರಿಯನ್ನೇ ಮುಚ್ಚಬಹುದು. ಆಗ ಕೈ ಹಿಡಿಯುವುದು ತೆಲೆಫೆರಿಕೊ. 2014ರಲ್ಲಿ ಶುರುವಾದ ಈ ಕೇಬಲ್ ಕಾರ್ ಲಾ ಪಾಜ್ ಕಣಿವೆಯಿಂದ ಎಲ್ ಆಲ್ತೊಗೆ ಮನೆಗಳ ಮೇಲಿಂದ ಹೋಗುತ್ತದೆ, ಈಗ ಹತ್ತು ಮಾರ್ಗಗಳಿವೆ. ನಿಲ್ದಾಣದ ಬಾಗಿಲಿಗೇ ಹೋಗುವುದಿಲ್ಲ, ಮೇಲೆ ಹತ್ತಿ ಅಲ್ಲಿಂದ ಟ್ಯಾಕ್ಸಿ ಹಿಡಿಯಬೇಕು ಅಥವಾ ನಡೆಯಬೇಕು. ಬೆಳಗಿನ ವಿಮಾನ ಇದ್ದು ಗಲಾಟೆಯ ಸುದ್ದಿ ಇದ್ದರೆ ಹಿಂದಿನ ರಾತ್ರಿಯೇ ನಿಲ್ದಾಣ ಸೇರಿಕೊಳ್ಳಿ. ಬೆಂಚಿನ ಮೇಲೆ ರಾತ್ರಿ ಕಳೆದರೂ ಪರವಾಗಿಲ್ಲ.

ಸಾಧ್ಯ ಆದರೆ ಪಕ್ಕದ ಇನ್ನೊಂದು ದೇಶದ ವೀಸಾ ಕೂಡ ಕೈಯಲ್ಲಿರಲಿ. ಉಯುನಿ ಉಪ್ಪಿನ ಬಯಲಿನ ಮೂರು ದಿನದ ಪ್ರವಾಸದ ಕೊನೆಗೆ ಚಿಲಿಯ ಸಾನ್ ಪೆದ್ರೊ ದೆ ಅತಕಾಮಾ ಕಡೆಗೆ ದಾಟಬಹುದು. ತಿತಿಕಾಕಾ ಸರೋವರದ ದಡದ ಕೊಪಕಬಾನಾ ಊರಿನಿಂದ ಕಸಾನಿ ಗಡಿ ಮೂಲಕ ಪೆರುವಿಗೆ ಹೋಗಬಹುದು. ಆದರೆ ಪೆರುವಿನ ಸ್ಥಿತಿಯನ್ನೂ ನೋಡಿಕೊಳ್ಳಿ. 2022ರ ಡಿಸೆಂಬರ್‌ನಲ್ಲಿ ಪೆದ್ರೊ ಕಸ್ತಿಯೊ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದ ಮೇಲೆ ಅಲ್ಲಿಯೂ ಮಾಚು ಪಿಚುವಿನ ರೈಲು ನಿಂತು ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು.

ಹಣ

ಅಲ್ಲಿನ ನಾಣ್ಯ ಬೊಲಿವಿಯಾನೊ. 2011ರಿಂದ ಬಹಳ ವರ್ಷ ಸರ್ಕಾರಿ ದರ ಒಂದು ಡಾಲರಿಗೆ 6.96 ಅಂತಲೇ ನಿಂತಿತ್ತು. 2023ರಲ್ಲಿ ದೇಶದಲ್ಲಿ ಡಾಲರ್ ಕೊರತೆ ಶುರುವಾಯಿತು, ಬೀದಿಯ ದರ ಬೇರೆಯೇ ಆಯಿತು. 2025ರ ಮಧ್ಯದಲ್ಲಂತೂ ಬೀದಿಯಲ್ಲಿ ಅದು ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಅಂದರೆ ಸರ್ಕಾರಿ ದರದಲ್ಲಿ ಕಾರ್ಡ್ ಉಜ್ಜಿದವರು ಅದೇ ಊಟಕ್ಕೆ ಎರಡರಷ್ಟು ಕೊಟ್ಟ ಹಾಗೆ. ಹೋಗುವ ವಾರದಲ್ಲಿ ಎರಡೂ ದರ ಎಷ್ಟಿದೆ, ನಿಮ್ಮ ಕಾರ್ಡಿಗೆ ಯಾವ ದರ ಹಾಕುತ್ತಾರೆ ಅಂತ ನೋಡಿಕೊಂಡು ತೀರ್ಮಾನ ಮಾಡಿ.

ಏನೇ ಇರಲಿ, ಡಾಲರ್ ನೋಟು ಒಯ್ಯಿರಿ. ನೂರರ, ಐವತ್ತರ ಹೊಸ ನೋಟು. ಮಡಿಕೆ ಹರಿದಿದ್ದರೆ, ಪೆನ್ನಿನ ಗೀಟು ಇದ್ದರೆ ತೆಗೆದುಕೊಳ್ಳುವುದೇ ಇಲ್ಲ. ಬೆಳಕಿಗೆ ಹಿಡಿದು ಅಂಚು ಅಂಚು ನೋಡುತ್ತಾರೆ. ಬದಲಾಯಿಸುವುದು ಅಂಗಡಿಯ ಒಳಗೆ, ಹಗಲು ಹೊತ್ತಿನಲ್ಲಿ. ಬೀದಿಯಲ್ಲಿ ನಿಂತು ಎಣಿಸಬೇಡಿ. ಮುಷ್ಕರ ಹತ್ತಿರ ಬಂದಾಗ ಎಟಿಎಂ ಖಾಲಿ ಆಗಬಹುದು, ಹಾಗಾಗಿ ಐದು ದಿನದ ಊಟ ವಸತಿಗೆ ಆಗುವಷ್ಟು ಬೊಲಿವಿಯಾನೊ ಯಾವಾಗಲೂ ಜೊತೆಗಿರಲಿ, ಎರಡು ಕಡೆ ಹಂಚಿಟ್ಟುಕೊಳ್ಳಿ.

ಡೀಸೆಲ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಾಲರ್ ಇಲ್ಲದಿದ್ದರೆ ಇಂಧನ ಆಮದು ಇಲ್ಲ. 2024, 2025ರಲ್ಲಿ ಬಂಕ್‌ಗಳ ಮುಂದೆ ಲಾರಿಗಳು ದಿನಗಟ್ಟಲೆ ನಿಂತಿದ್ದವು. ಜೀಪ್ ಪ್ರವಾಸ ಬುಕ್ ಮಾಡುವಾಗ 'ಪೂರ್ತಿ ದಾರಿಗೆ ಇಂಧನ ಇದೆಯಾ' ಅಂತ ಕೇಳುವುದು ಸಂಕೋಚದ ವಿಷಯ ಅಲ್ಲ.

ಪೇಟೆಯೊಳಗೆ

ಲಾ ಪಾಜ್‌ನಲ್ಲಿ ಮೆರವಣಿಗೆ ದಿನನಿತ್ಯದ ಸಂಗತಿ. ಸಾನ್ ಫ್ರಾನ್ಸಿಸ್ಕೊ ಚರ್ಚಿನ ಮುಂದಿನ ಬಯಲು, ಎಲ್ ಪ್ರಾದೊ ಬೀದಿ, ಮುರಿಯೊ ಚೌಕದ ಸುತ್ತಲಿನ ಗಲ್ಲಿಗಳು ಇದಕ್ಕೆ ಕಾಯಂ ಜಾಗ. ಪ್ರವಾಸಿಗರು ಇಳಿದುಕೊಳ್ಳುವ ಸಗಾರ್ನಗಾ ಬೀದಿಯೂ ಅಲ್ಲೇ ಪಕ್ಕ. ಹಾಗಾಗಿ ಮೆರವಣಿಗೆ ಕಾಣದೆ ಇರುವುದು ಕಷ್ಟ. ಢಂ ಅಂತ ಸದ್ದು ಕೇಳಿದರೆ ಗಾಬರಿ ಆಗಬೇಡಿ, ಬಹಳ ಸಲ ಅದು ಪಟಾಕಿ, ಗಣಿಯವರ ಮೆರವಣಿಗೆ ಆದರೆ ಸಣ್ಣ ಡೈನಮೈಟ್. ಅಡ್ಡ ಬೀದಿಗೆ ತಿರುಗಿ, ಇಳಿಜಾರಿನ ಕಡೆಗೆ ನಡೆಯಿರಿ. ಅಂಗಡಿಯವರು ಕಬ್ಬಿಣದ ಬಾಗಿಲು ಎಳೆಯಲು ಶುರು ಮಾಡಿದರೆ ಅದು ನಿಮಗೂ ಸೂಚನೆ. ಅಶ್ರುವಾಯು ಎತ್ತರದ ಊರಿನಲ್ಲಿ ಉಸಿರು ಕಟ್ಟಿಸುತ್ತದೆ, ಆಸ್ತಮಾ ಇರುವವರು ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡೇ ಓಡಾಡಿ. ಜೊತೆಗೆ ಘೋಷಣೆ ಕೂಗಲು, ಬಾವುಟ ಹಿಡಿಯಲು ಹೋಗಬೇಡಿ. ಅದು ಅವರ ಹೋರಾಟ.

ಮತದಾನದ ದಿನ ನಿಮ್ಮ ಪ್ರವಾಸದಲ್ಲಿ ಬಿದ್ದರೆ ಆ ದಿನವನ್ನು ಪೂರ್ತಿ ಬಿಟ್ಟುಬಿಡಿ. ಅನುಮತಿ ಇಲ್ಲದ ವಾಹನಗಳು ರಸ್ತೆಗೆ ಇಳಿಯುವ ಹಾಗಿಲ್ಲ, ದೂರದ ಬಸ್ಸುಗಳು ಓಡುವುದಿಲ್ಲ, ಎರಡು ದಿನ ಮೊದಲೇ ಮದ್ಯ ಮಾರಾಟ ನಿಲ್ಲುತ್ತದೆ. ಊರೆಲ್ಲ ಜನ ನಡೆದೇ ಮತಗಟ್ಟೆಗೆ ಹೋಗುತ್ತಾರೆ, ಮಕ್ಕಳು ಖಾಲಿ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾರೆ. ಹಗಲು ನೋಡಲು ಚೆನ್ನಾಗಿರುತ್ತದೆ. ಫಲಿತಾಂಶ ಬರುವ ರಾತ್ರಿ ಮಾತ್ರ ಕೋಣೆಯಲ್ಲೇ ಇರಿ. 2019ರಲ್ಲಿ ಗಲಾಟೆ ಶುರುವಾದದ್ದು ಎಣಿಕೆಯ ಸುದ್ದಿ ನಡುವೆ ನಿಂತಾಗಲೇ.

ಕಳ್ಳರ ವಿಷಯ. ಇಲ್ಲಿ ತಿಳಿದಿರಲೇಬೇಕಾದ ಮೋಸ ನಕಲಿ ಪೊಲೀಸ್. ಒಬ್ಬ ಸಭ್ಯ ಪ್ರವಾಸಿಯ ಹಾಗೆ ಬಂದು ದಾರಿ ಕೇಳುತ್ತಾನೆ, ಅಷ್ಟರಲ್ಲಿ ಇನ್ನೊಬ್ಬ ಬಂದು ಗುರುತಿನ ಕಾರ್ಡ್ ಝಳಪಿಸಿ ಇಬ್ಬರ ಪಾಸ್‌ಪೋರ್ಟ್, ಬ್ಯಾಗ್ ಪರೀಕ್ಷೆ ಮಾಡಬೇಕು ಅನ್ನುತ್ತಾನೆ. ಮೊದಲನೆಯವನು ತಕ್ಷಣ ತನ್ನದು ಕೊಡುತ್ತಾನೆ, ನೀವೂ ಕೊಡಲಿ ಅಂತ. ಟ್ಯಾಕ್ಸಿ ಹತ್ತಿ ಠಾಣೆಗೆ ಹೋಗೋಣ ಅನ್ನುತ್ತಾರೆ. ಹತ್ತಬೇಡಿ! ನಡೆದೇ ಹೋಗೋಣ, ಹತ್ತಿರದ ಹೋಟೆಲಿನೊಳಗೆ ಮಾತಾಡೋಣ ಅನ್ನಿ, ದನಿ ಎತ್ತರಿಸಿ ಜನ ತಿರುಗಿ ನೋಡುವ ಹಾಗೆ ಮಾಡಿ. ಪಾಸ್‌ಪೋರ್ಟಿನ ನಕಲು ಪ್ರತಿ ಮಾತ್ರ ಜೇಬಿನಲ್ಲಿರಲಿ. ಪೊಲೀಸ್ ತುರ್ತು ಸಂಖ್ಯೆ 110. ಲಾ ಪಾಜ್‌ನಲ್ಲಿ ಪ್ರವಾಸಿಗರಿಗೇ ಅಂತ ಬೇರೆ ಪೊಲೀಸ್ ವಿಭಾಗ ಇದೆ, ಅವರ ಜಾಗ ಎಲ್ಲಿ ಅಂತ ಹೋಟೆಲಿನವರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ಟ್ಯಾಕ್ಸಿ ಬೇಕಾದಾಗ ಬೀದಿಯಲ್ಲಿ ಕೈ ತೋರಿಸಿ ಹತ್ತುವುದು ಬೇಡ. ರೇಡಿಯೊ ಟ್ಯಾಕ್ಸಿ ಅಂತಿರುತ್ತವೆ, ತಲೆಯ ಮೇಲೆ ಕಂಪನಿ ಹೆಸರು, ಫೋನ್ ಸಂಖ್ಯೆ ಇರುತ್ತದೆ, ಹೋಟೆಲಿನಿಂದ ಫೋನ್ ಮಾಡಿಸಿ. ಹಿಂದಿನಿಂದ ಮೈ ಮೇಲೆ ಏನಾದರೂ ಬಿದ್ದು ಯಾರೋ ಒರೆಸಲು ಬಂದರೆ ಬ್ಯಾಗ್ ಎದೆಗೆ ಅಪ್ಪಿಕೊಂಡು ಮುಂದೆ ನಡೆಯಿರಿ, ಬಟ್ಟೆ ಆಮೇಲೆ ಒಗೆದರಾಯಿತು.

ಉಪ್ಪಿನ ಬಯಲು, ಸೂರ್ಯ ದ್ವೀಪ, ಗಣಿ

ಉಯುನಿಯ ಉಪ್ಪಿನ ಬಯಲು 10,000 ಚದರ ಕಿ.ಮೀ.ಗಿಂತ ದೊಡ್ಡದು. ಜೀವದಲ್ಲಿ ಒಮ್ಮೆಯಾದರೂ ನೋಡಬೇಕು. ಅಲ್ಲಿ ರಾಜಕೀಯಕ್ಕಿಂತ ದೊಡ್ಡ ಅಪಾಯ ಜೀಪ್ ಚಾಲಕ. ಕಡಿಮೆ ಬೆಲೆ ಹೇಳಿದವರ ಹಿಂದೆ ಹೋಗಬೇಡಿ. ದುಡ್ಡು ಕೊಡುವ ಮೊದಲು ಗಾಡಿ ತೋರಿಸಿ ಅನ್ನಿ: ಎಲ್ಲ ಸೀಟಿಗೂ ಬೆಲ್ಟ್ ಇದೆಯಾ, ಎರಡು ಸ್ಟೆಪ್ನಿ ಇದೆಯಾ, ಆಮ್ಲಜನಕ ಇದೆಯಾ. ಬೆಳಿಗ್ಗೆ ಚಾಲಕನ ಬಾಯಿಂದ ಹೆಂಡದ ವಾಸನೆ ಬಂದರೆ ಹತ್ತಬೇಡಿ, ಜೊತೆಯವರು ಬೈದರೂ ಸರಿ. ಜೂನ್-ಜುಲೈ ರಾತ್ರಿಗಳಲ್ಲಿ ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹೋಗುತ್ತದೆ, ಮಲಗುವ ಚೀಲ ಬಾಡಿಗೆಗೆ ತೆಗೆಯಿರಿ.

ತಿತಿಕಾಕಾ ಸರೋವರದ ಸೂರ್ಯ ದ್ವೀಪದಲ್ಲಿ 2017ರಲ್ಲಿ ಎರಡು ಊರುಗಳ ನಡುವೆ ಜಗಳ ಆಗಿ, ಉತ್ತರ ಭಾಗಕ್ಕೆ ಪ್ರವಾಸಿಗರು ಹೋಗುವುದು ಬಹಳ ಕಾಲ ನಿಂತಿತ್ತು. ಜಗಳ ದೇಶದ್ದಲ್ಲ, ಎರಡು ಹಳ್ಳಿಗಳದ್ದು, ಟಿವಿಯಲ್ಲಿ ಬರುವುದೂ ಇಲ್ಲ. ಅದಕ್ಕೇ ಕೊಪಕಬಾನಾದಲ್ಲಿ ದೋಣಿ ಹತ್ತುವ ಮೊದಲು ಯಾವ ಯಾವ ಊರು ತೆರೆದಿದೆ ಅಂತ ಕೇಳಿ, ಹಳ್ಳಿಯವರು ಕೇಳುವ ಪ್ರವೇಶ ಶುಲ್ಕಕ್ಕೆ ಚಿಲ್ಲರೆ ಇಟ್ಟುಕೊಳ್ಳಿ, ಚೌಕಾಸಿ ಬೇಡ.

ಪೊತೊಸಿಯಲ್ಲಿ ಬೆಳ್ಳಿಗೆ ಹೆಸರಾದ ಸೆರ್ರೊ ರಿಕೊ ಬೆಟ್ಟದ ಗಣಿಯೊಳಗೆ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಒಳಗೆ ಇನ್ನೂ ಕೆಲಸ ನಡೆಯುತ್ತಿರುತ್ತದೆ, ಧೂಳು, ಸ್ಫೋಟ ಎಲ್ಲ ನಿಜವಾದದ್ದೇ, ನೂರಾರು ವರ್ಷ ಕೊರೆದು ಬೆಟ್ಟವೇ ಕುಸಿಯುತ್ತಿದೆ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಊರಿನ ಹಳೆಯ ಟಂಕಸಾಲೆ ನೋಡಿ, ಬೆಳ್ಳಿಯ ಕಥೆ ಅಲ್ಲೇ ಪೂರ್ತಿ ಸಿಗುತ್ತದೆ.

ಕಾಗದ ಪತ್ರ

ವೀಸಾ ನಿಯಮ ಸರ್ಕಾರ ಬದಲಾದ ಹಾಗೆ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮೊದಲು ಬೊಲಿವಿಯಾ ರಾಯಭಾರ ಕಚೇರಿಯಿಂದ ಇ-ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ. ಅದರ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡಬಹುದು, ಆರು ದಿನದವರೆಗೂ. ಕಾರ್ಡಿನ ಫೋಟೊ ಸಾಲದು, ಕಾರ್ಡೇ ಬೇಕು.

ವಿಮೆ ತೆಗೆಯುವಾಗ ಎರಡು ಸಾಲು ಹುಡುಕಿ ಓದಿ. ಒಂದು, ಗಲಭೆ ಮುಷ್ಕರದಿಂದ ಆದ ನಷ್ಟ ಕೊಡುತ್ತಾರಾ. ಎರಡು, ಎಷ್ಟು ಮೀಟರ್ ಎತ್ತರದವರೆಗೆ ಅದು ನಡೆಯುತ್ತದೆ. 3,000 ಮೀಟರಿಗೆ ನಿಲ್ಲುವ ವಿಮೆ ಲಾ ಪಾಜ್‌ನಲ್ಲಿ ಬರೀ ಕಾಗದ. ಮುಷ್ಕರ ಘೋಷಣೆ ಆದ ಮೇಲೆ ತೆಗೆದ ವಿಮೆಗೆ ಆ ಮುಷ್ಕರದ ಪರಿಹಾರ ಸಿಗುವುದು ಕಷ್ಟ, ಟಿಕೆಟ್ ಜೊತೆಗೇ ತೆಗೆಯಿರಿ. ಬೊಲಿವಿಯಾವನ್ನು ನೋಡಿಕೊಳ್ಳುವ ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮನೆಯವರಿಗೂ ಕೊಟ್ಟಿರಿ. ಫೋನ್ ಹೋದರೆ ಕಾಗದವೇ ಗತಿ.

ಇನ್ನು ಕೋಕಾ ಎಲೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ಚಹಾ ಮಾಡಿ ಕುಡಿಯುತ್ತಾರೆ, ತಲೆನೋವಿಗೆ ಹೋಟೆಲಿನವರೇ ತಂದುಕೊಡುತ್ತಾರೆ. ಆದರೆ ಭಾರತದಲ್ಲಿ ಅದು ಮಾದಕ ವಸ್ತುಗಳ ಕಾನೂನಿನ ಅಡಿ ಬರುತ್ತದೆ, ದಾರಿಯಲ್ಲಿ ವಿಮಾನ ಬದಲಿಸುವ ದೇಶಗಳಲ್ಲೂ ತೊಂದರೆ ಆಗುತ್ತದೆ. ಚಹಾದ ಪೊಟ್ಟಣ ಕೂಡ ಬೇಡ. ಹೊರಡುವ ಹಿಂದಿನ ರಾತ್ರಿ ಬ್ಯಾಗಿನ ಎಲ್ಲ ಜೇಬೂ ಹಾಸಿಗೆಯ ಮೇಲೆ ಕೊಡವಿ ನೋಡಿ, ಜಾಕೆಟ್ಟಿನ ಒಳಜೇಬು ಮರೆಯಬೇಡಿ.